ಬಲಕ್ಕಿದ್ದ ಕೆಂಪು ಮುಳ್ಳು

ಕಂತು ೯

ಎರಡೂ ಫೋಟೋಗಳಲ್ಲಿ ಅದೇ ದೇವರು, ಅದೇ ಹಿತ್ತಾಳೆ ತಟ್ಟೆ, ಅದೇ ಸಾಮಾನು. ಎರಡನೆಯದರಲ್ಲಿ ಚೆಂಡುಹೂವು ಒಂದಿಷ್ಟು ಬಾಡಿದೆ, ಅಷ್ಟೇ ವ್ಯತ್ಯಾಸ ಅಂದುಕೊಂಡು ಫೋನನ್ನು ಕೆಳಗಿಡಲು ಹೋದ ಗಾರ್ಗಿಯ ಕೈ ಅರ್ಧಕ್ಕೇ ನಿಂತಿತು.

ತಟ್ಟೆಯ ಅಂಚಿನಲ್ಲಿದ್ದ ದಿಕ್ಸೂಚಿ. ಬುಧವಾರ ಸಂಜೆಯ ಫೋಟೋದಲ್ಲಿ ಅದರ ಕೆಂಪು ಮುಳ್ಳು ಬಲಕ್ಕಿತ್ತು. ಗುರುವಾರ ಬೆಳಗಿನದರಲ್ಲಿ ಎಡಕ್ಕಿತ್ತು.

"ಆಂಟಿ, ಈ ಕಂಪಾಸನ್ನ ಯಾರಾದ್ರೂ ತಿರುಗಿಸಿ ಇಟ್ಟಿದ್ರಾ?"

"ಪೂಜೆಗಿಟ್ಟದ್ದನ್ನ ಯಾರಮ್ಮ ಅಲ್ಲಾಡಿಸ್ತಾರೆ?" ಪದ್ಮಜಾ ಬಾಗಿಲ ಬಳಿ ನಿಂತಲ್ಲಿಂದಲೇ ಹೇಳಿದರು. ವಸಿಷ್ಠನ ತಾಯಿ, ಎಪ್ಪತ್ತರ ಹತ್ತಿರ, ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು. "ಆಯುಧಪೂಜೆಗೆ ಇಟ್ಟರೆ ಮಾರನೇ ದಿನ ಪೂಜೆ ಆಗೋವರೆಗೂ ತೆಗೆಯೋ ಹಾಗಿಲ್ಲ. ನಮ್ಮನೇಲಿ ಅವತ್ತು ಕಾರೂ ಹೊರಗೆ ತೆಗೆಯಲ್ಲ. ವಸಿಷ್ಠ ಆಫೀಸಿಗೇ ಹೋಗ್ಲಿಲ್ಲ."

"ದೇವರು ಯಾವ ದಿಕ್ಕಿಗಿದೆ?"

"ಪೂರ್ವಕ್ಕೆ. ಇನ್ಯಾವ ಕಡೆ ಇಡ್ತಾರೆ? ಮನೆ ನೋಡೋಕೆ ಬಂದಾಗ್ಲೇ ದೇವರಮನೆ ಮಾಡೋಕೆ ಅಂತ ನಾನು ಈ ಬಟ್ಟೆ ಇಡೋ ಕ್ಲಾಸೆಟ್ಟಿನೊಳಗೆ ಕಂಪಾಸ್ ಹಿಡ್ಕೊಂಡು ನಿಂತಿದ್ದೆ. ಆ ಮನೆ ತೋರಿಸೋ ಹೆಂಗಸು ನನಗೇನೋ ತಲೆ ಕೆಟ್ಟಿದೆ ಅಂದ್ಕೊಂಡ್ಲು."

ದೇವರು ಪೂರ್ವಕ್ಕೆ. ಹಾಗಾದರೆ ಫೋಟೋ ತೆಗೆಯುವವರ ಮುಖ ಪಶ್ಚಿಮಕ್ಕೆ. ಉತ್ತರ ಬಲಗೈ ಕಡೆ. ಬುಧವಾರ ಮುಳ್ಳು ಸರಿಯಾಗಿಯೇ ಉತ್ತರ ತೋರಿಸುತ್ತಿತ್ತು. ಗುರುವಾರದ ಹೊತ್ತಿಗೆ ಅದೇ ಕೆಂಪು ತುದಿ ದಕ್ಷಿಣಕ್ಕೆ ತಿರುಗಿಕೊಂಡಿತ್ತು.

ದಿಕ್ಸೂಚಿಯ ಮುಳ್ಳು ತಾನಾಗಿ ತಿರುಗುವುದಿಲ್ಲ. ಬಲವಾದ ಆಯಸ್ಕಾಂತವೊಂದು ಹತ್ತಿರ ಇರಬೇಕು, ಗಂಟೆಗಟ್ಟಲೆ ಇರಬೇಕು. ಆಮೇಲೆ ಆಯಸ್ಕಾಂತ ತೆಗೆದರೂ ಮುಳ್ಳು ಸುಳ್ಳನ್ನೇ ಹೇಳುತ್ತದೆ, ಅದೇ ನೆಮ್ಮದಿಯಲ್ಲಿ, ಒಂಚೂರೂ ನಡುಗದೆ.

ಆ ದಿಕ್ಸೂಚಿಯನ್ನು ಜೇಬಿನಲ್ಲಿಟ್ಟುಕೊಂಡು ವಸಿಷ್ಠ ಶುಕ್ರವಾರ ಬೆಳಗಿನ ಜಾವ ಕಾರಿನಲ್ಲಿ ಎರಡೂವರೆ ಗಂಟೆ ದಾರಿಯ ಕ್ಯಾಟ್‌ಸ್ಕಿಲ್ ಕಾಡಿಗೆ ಜಿಂಕೆ ಬೇಟೆಗೆಂದು ಒಬ್ಬನೇ ಹೋಗಿದ್ದ. ಶನಿವಾರ ಸಂಜೆಗೆ ಬರಬೇಕಿದ್ದವನು ಭಾನುವಾರ ಮಧ್ಯಾಹ್ನ ಒಂದು ಗಂಟೆಯಾದರೂ ಬಂದಿರಲಿಲ್ಲ.

ನಾಳೆ ಬೆಳಗ್ಗೆ ಒಂಬತ್ತಕ್ಕೆ ಅವನು ಸರ್ಕಾರದ ತನಿಖೆಯವರ ಮುಂದೆ ಇರಬೇಕು. ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತಕ್ಕೆ ಔಷಧಿ ಹರಿಸುವ ಪಂಪುಗಳನ್ನು ಅವನ ಕಂಪನಿ ತಯಾರಿಸುತ್ತಿತ್ತು. ಕೆಟ್ಟ ಪಂಪುಗಳ ಪರೀಕ್ಷಾ ವರದಿಗಳನ್ನು ಯಾರೋ ತಿದ್ದಿದ್ದರು. ಮೂಲ ವರದಿಗಳು ಇದ್ದದ್ದು ವಸಿಷ್ಠನ ಬಳಿ ಮಾತ್ರ, ಮತ್ತು ಅವನು ಅವನ್ನು ಜೊತೆಯಲ್ಲೇ ಒಯ್ದಿದ್ದ.

"ಏನಾದ್ರೂ ಸಿಕ್ತಾ?"

ನಂದಿತಾ ಹಿಂದೆ ಬಂದು ನಿಂತಿದ್ದು ಗಾರ್ಗಿಗೆ ಗೊತ್ತೇ ಆಗಿರಲಿಲ್ಲ. ವಸಿಷ್ಠನ ಹೆಂಡತಿ. ಅದೇ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ಕೆಲಸ. ನಿನ್ನೆ ರಾತ್ರಿ ಜರ್ಸಿ ಸಿಟಿಯ ಗಾರ್ಗಿಯ ಪತ್ತೇದಾರಿ ಆಫೀಸಿಗೆ ತಾನೇ ಡ್ರೈವ್ ಮಾಡಿಕೊಂಡು ಬಂದು, "ಪೊಲೀಸರು ಕೇಳ್ತಿಲ್ಲ, ರೇಂಜರುಗಳು ಕೇಳ್ತಿಲ್ಲ, ನೀವಾದ್ರೂ ಹುಡುಕಿಕೊಡಿ" ಅಂದವಳು. ಆಗಿನಿಂದ ಗಂಟೆಗೊಮ್ಮೆ "ರೇಂಜರುಗಳಿಗೆ ಮಾಡ್ತೀನಿ" ಎಂದು ಫೋನ್ ಹಿಡಿದು ಆಚೆ ಹೋಗಿಬರುತ್ತಲೇ ಇದ್ದಳು.

"ಇನ್ನೂ ಗೊತ್ತಿಲ್ಲ," ಎಂದಳು ಗಾರ್ಗಿ. "ಅವರ ಮೆಸೆಂಜರಿಗೆ ಮತ್ತೆ ಮೆಸೇಜ್ ಕಳಿಸಿದ್ರಾ?"

"ಹತ್ತು ನಿಮಿಷ ಆಯ್ತು. ಹೇಗಿದೀಯ ಅಂತ ಕೇಳಿದೆ."

ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಅಂಗೈ ಅಗಲದ ಯಂತ್ರ ಅದು. ಕಾಡಿನಲ್ಲಿ ಒಬ್ಬನೇ ಇರುವವನಿಗೆ ಅದೇ ಜೀವ. ರೇಂಜರುಗಳು ಹುಡುಕದಿರುವುದಕ್ಕೂ ಅದೇ ಕಾರಣವೆಂದು ನಂದಿತಾ ಹೇಳಿದ್ದಳು: ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ವಸಿಷ್ಠನಿಂದ "ಎಲ್ಲಾ ಸರಿ" ಅಂತ ಬರುತ್ತಲೇ ಇತ್ತು. ಎಲ್ಲಾ ಸರಿ ಅನ್ನುವವನನ್ನು ಯಾರು ಹುಡುಕುತ್ತಾರೆ?

ಆದರೆ ಅದು ಮೊದಲೇ ಬರೆದಿಟ್ಟ ಮೆಸೇಜು. ಒಂದು ಗುಂಡಿ ಒತ್ತಿದರೆ ಹೋಗುತ್ತದೆ. ಯಾರು ಒತ್ತಿದರೂ ಹೋಗುತ್ತದೆ. ಅದರ ಜೊತೆ ಎಲ್ಲಿಂದ ಅನ್ನುವುದೂ ಹೋಗಬೇಕಿತ್ತು. ವಸಿಷ್ಠ ಆ ಸೌಲಭ್ಯವನ್ನು ಆಫ್ ಮಾಡಿಬಿಟ್ಟಿದ್ದ. ಬೇಟೆಯವರ ಚಾಳಿ ಅದು, ಜಿಂಕೆ ಸಿಗುವ ಜಾಗವನ್ನು ಹೆಂಡತಿಗೂ ಹೇಳುವುದಿಲ್ಲ.

ಬೆಳಗ್ಗೆ ಹೆದ್ದಾರಿ ಬದಿಯ ಬೇಟೆ ಸಾಮಾನಿನ ಅಂಗಡಿಯಲ್ಲಿ ಕುನಾಲ್ ಎಂಬ ಕೌಂಟರಿನ ಹುಡುಗ ವಸಿಷ್ಠನನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದ. ಒಬ್ಬರೇ ಕಾಡಿಗೆ ಹೋಗುವವರಿಗೆ ಅವನು ಮೂರು ಪ್ರಶ್ನೆ ಕೇಳುತ್ತಾನಂತೆ. ಕೈಗವಸು ಹಾಕಿಕೊಂಡೇ ಗುಂಡಿ ಒತ್ತಬಹುದಾ? ಬ್ಯಾಟರಿ ಸತ್ತರೆ ಆಮೇಲೇನು? ನೀವು ಕೂಗಿದರೆ ಆ ಕಡೆಯಿಂದ ಉತ್ತರ ಬೇಕಾ, ಅಥವಾ ಜನ ಬಂದರೆ ಸಾಕಾ?

ವಸಿಷ್ಠ ಒಂದೂವರೆ ಗಂಟೆ ನಿಂತು ಆರಿಸಿದ್ದ. ನಕ್ಷೆ ತೋರಿಸುವ ಜಿಪಿಎಸ್, ಮೆಸೆಂಜರ್, ದಿಕ್ಸೂಚಿ, ನೀರಿಗೆ ಹರಿಯದ ಕಾಗದದ ನಕ್ಷೆ. ಕೊನೆಗೆ ಕುನಾಲನ ಮಾತು ಕೇಳಿ ಒಂದು ಬೀಕನ್ನನ್ನೂ ಕೊಂಡಿದ್ದ. ಅದರಲ್ಲಿ ಮಾತಿಲ್ಲ ಕತೆಯಿಲ್ಲ. ಆಂಟೆನಾ ಎಳೆದು ಗುಂಡಿ ಒತ್ತಿದರೆ ಒಂದೇ ಕೂಗು: ಇಲ್ಲಿದ್ದೇನೆ, ಬನ್ನಿ.

ಮೂರು ದಿನದ ಮೇಲೆ ಆ ಬೀಕನ್ ಅಂಗಡಿಗೆ ವಾಪಸ್ ಬಂದಿತ್ತು. ಅವತ್ತು ಕುನಾಲನಿಗೆ ರಜೆ. ವಸಿಷ್ಠನ ಕಡೆಯವರು ಯಾರೋ ತಂದುಕೊಟ್ಟರು ಎಂದಷ್ಟೇ ಅವನಿಗೆ ಗೊತ್ತಿತ್ತು.

ಯಾರೋ ಅಂದರೆ ಯಾರು? ವಸಿಷ್ಠನ ಜೊತೆ ಬೇಟೆಗೆ ಹೋಗುವವನು ಒಬ್ಬನೇ. ಮುಕುಂದ್. ಅದೇ ಕಂಪನಿ, ಪಕ್ಕದ ಟೇಬಲ್. ಅಂಗಡಿಗೂ ಅವನೇ ಕರೆದುಕೊಂಡು ಹೋಗಿದ್ದು. ಬುಧವಾರ ಸಂಜೆ ಮಂಗಳಾರತಿಗೂ ಬಂದಿದ್ದ. ಫೋಟೋದ ಮೂಲೆಯಲ್ಲಿ ಅವನ ಅರ್ಧ ಮುಖ ಕಾಣುತ್ತಿತ್ತು, ತಟ್ಟೆಯಿಂದ ಒಂದು ಮಾರು ದೂರದಲ್ಲಿ.

ಈಗಲೂ ಅವನು ಇದೇ ಮನೆಯಲ್ಲಿದ್ದ. ಆಂಟಿಗೆ ಧೈರ್ಯ ಹೇಳಲೆಂದು ಹನ್ನೆರಡಕ್ಕೇ ಬಂದು ಕೂತಿದ್ದ.

"ಮುಕುಂದ್ ಎಲ್ಲಿ?" ಗಾರ್ಗಿ ಕೇಳಿದಳು.

"ಫೋನ್ ಬಂತು ಅಂತ ಹಿತ್ತಿಲ ಡೆಕ್ಕಿಗೆ ಹೋದ," ಎಂದಳು ನಂದಿತಾ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಟಣ್ ಅಂದಿತು.

ವಸಿಷ್ಠನಿಂದ. ಎಲ್ಲಾ ಸರಿ.

ಗಾರ್ಗಿ ಹೊರಗೆ ನೋಡಿದಳು. ಹಾಲ್‌ನ ಗಾಜಿನ ಬಾಗಿಲಾಚೆ ಮಳೆ ಹನಿಯುತ್ತಿತ್ತು. ಡೆಕ್ಕಿನ ಮರದ ಜಗಲಿಯ ತುದಿಯಲ್ಲಿ ಮುಕುಂದ್ ಇವರಿಗೆ ಬೆನ್ನು ಹಾಕಿ, ಚಾವಣಿಯಿಂದಾಚೆ, ಬೇಕೆಂದೇ ಮಳೆಗೆ ನಿಂತಿದ್ದ. ಫೋನಿನಲ್ಲಿ ಮಾತಾಡುವವರು ಮಳೆಯಲ್ಲಿ ಯಾಕೆ ನಿಲ್ಲುತ್ತಾರೆ? ತೆರೆದ ಆಕಾಶ ಬೇಕಿರುವುದು ಫೋನಿಗಲ್ಲ.

ಅವನು ಏನನ್ನೋ ಜಾಕೆಟ್ಟಿನ ಜೇಬಿಗೆ ಇಳಿಸಿದ.

"ಅವನ ಹತ್ರ ಇದೆ, ಅಲ್ವಾ?" ನಂದಿತಾಳ ಧ್ವನಿ ತೀರಾ ತಗ್ಗಿತ್ತು. "ಕೇಳಿ ಅವನನ್ನ. ವಸಿಷ್ಠ ಎಲ್ಲಿದಾನೆ ಅನ್ನೋದನ್ನ ಮಾತ್ರ ಕೇಳಿ. ಮಿಕ್ಕಿದ್ದು ಆಮೇಲೆ."

ಗಾರ್ಗಿ ಬಾಗಿಲು ಸರಿಸಿ ಹೊರಗೆ ಹೋದಳು. ಇನ್ಶೂರೆನ್ಸ್ ಕಂಪನಿಗೆ ಎಂಟು ವರ್ಷ ತನಿಖೆ ಮಾಡಿದವಳು ಅವಳು. ಸುಳ್ಳುಗಾರರು ಹೊಸಬರಲ್ಲ. ಆದರೆ ಅವರೆಲ್ಲ ಸುಟ್ಟ ಅಡುಗೆಮನೆ, ಜಜ್ಜಿದ ಬಂಪರುಗಳ ಬಗ್ಗೆ ಸುಳ್ಳು ಹೇಳಿದವರು. ಈ ಮನುಷ್ಯ ಎರಡು ದಿನದಿಂದ ಒಬ್ಬ ಸತ್ತವನ ಹೆಸರಿನಲ್ಲಿ ಮಾತಾಡುತ್ತಿರಬಹುದು.

"ಮುಕುಂದ್, ನಿಮ್ಮ ಹೆಬ್ಬೆರಳು ತೋರಿಸಿ."

"ಏನಂದ್ರಿ?"

"ಕೆಂಪಾಗಿದೆ."

ಅವನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕೆಂಪು, ಮಳೆಗೆ ಕರಗಿ ಗೆರೆಯಾಗಿ ಇಳಿಯುತ್ತಿತ್ತು.

"ಆಂಟಿ ಆ ಮೆಸೆಂಜರಿನ ದೊಡ್ಡ ಗುಂಡಿಗೇ ಕುಂಕುಮ ಇಟ್ಟಿದ್ರು," ಗಾರ್ಗಿ ಹೇಳಿದಳು. "ಮುಖ್ಯವಾದ ಗುಂಡಿ ಅದೇ ಅಂತ ವಸಿಷ್ಠ ಹೇಳಿದ್ರಂತೆ. ಬುಧವಾರದ ಕುಂಕುಮ ಭಾನುವಾರ ನಿಮ್ಮ ಕೈಗೆ ಹೇಗೆ ಬಂತು? ಜೇಬಿನಲ್ಲಿರೋದನ್ನ ತೆಗೀರಿ. ಇಲ್ಲ ಅಂದ್ರೆ ಈಗಲೇ ಪೊಲೀಸ್ ಕರೀತೀನಿ."

ಮುಕುಂದ್ ಓಡಲಿಲ್ಲ. ಕೂಗಾಡಲೂ ಇಲ್ಲ. ಜೇಬಿನಿಂದ ಒಂದು ಸಣ್ಣ ಚೀಲ ತೆಗೆದು, ಅದರಿಂದ ಕಿತ್ತಳೆ ಬಣ್ಣದ ಯಂತ್ರವನ್ನು ಹೊರತೆಗೆದು ಅವಳ ಕೈಗಿಟ್ಟ.

"ಅವನೇ ಕೊಟ್ಟಿದ್ದು."

"ಯಾರು?"

"ವಸಿಷ್ಠ ಕಣ್ರೀ. ಶುಕ್ರವಾರ ಬೆಳಗಿನ ಜಾವ ನಾನೇ ಅವನನ್ನ ಕಾಡಿನ ಹತ್ರ ಬಿಟ್ಟು ಬಂದೆ. ಅವನ ಕಾರು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ನಮ್ಮ ಗ್ಯಾರೇಜಲ್ಲಿದೆ, ಬೇಕಾದ್ರೆ ಹೋಗಿ ನೋಡಿ. ಸೋಮವಾರದವರೆಗೆ ನಾನು ಎಲ್ಲಿದೀನಿ ಅಂತ ಯಾರಿಗೂ ಗೊತ್ತಾಗಬಾರದು, ದಿನಕ್ಕೆರಡು ಸಲ ಎಲ್ಲಾ ಸರಿ ಅಂತ ಕಳಿಸ್ತಿರು ಅಂದ. ಈ ಯಂತ್ರ ಆನ್ ಆಗಿ ಅವನ ಜೊತೆ ಇದ್ರೆ, ಪಾಸ್‌ವರ್ಡ್ ಗೊತ್ತಿರೋರು ವೆಬ್‌ಸೈಟಿಗೆ ಹೋಗಿ ಅವನು ಆಫ್ ಮಾಡಿದ್ದನ್ನ ಮತ್ತೆ ಆನ್ ಮಾಡಿ ಅವನ ಜಾಗ ನೋಡಬಹುದು. ಫೋನೂ ಅದಕ್ಕೇ ಮನೇಲಿ ಬಿಟ್ಟ."

"ಮತ್ತೆ ಶನಿವಾರ ಯಾಕೆ ಬರಲಿಲ್ಲ?"

"ಬರೋ ಪ್ಲ್ಯಾನೇ ಇರಲಿಲ್ಲ. ಇವತ್ತು ಬೆಳಗ್ಗೆ ಹತ್ತಕ್ಕೆ ಟೆಂಟ್ ಬಿಟ್ಟು ದಕ್ಷಿಣಕ್ಕೆ ನಡೀತಾನೆ. ನೇರ ಮೂರು ಮೈಲಿ, ರಸ್ತೆ ಸಿಗುತ್ತೆ. ನಾಲ್ಕು ಗಂಟೆಗೆ ನಾನು ಅಲ್ಲಿ ಕಾರು ತಗೊಂಡು ನಿಂತಿರಬೇಕು. ಈಗ ಹೊರಡೋನಿದ್ದೆ."

"ದಾರಿ ನೋಡೋಕೆ ಜಿಪಿಎಸ್ ಇದೆ ತಾನೇ?"

ಮುಕುಂದ್ ಮುಖ ತಿರುಗಿಸಿದ. "ಸೆಲ್ ಬದಲಾಯಿಸೋ ಥರದ್ದು ತಗೋ ಅಂತ ಬಡ್ಕೊಂಡೆ. ಸ್ಕ್ರೀನ್ ದೊಡ್ಡದು ಅಂತ ಇನ್ನೊಂದನ್ನ ತಗೊಂಡ. ಚಳೀಲಿ ಎರಡು ದಿನ ಬಂದ್ರೆ ಹೆಚ್ಚು. ಪವರ್ ಬ್ಯಾಂಕ್ ಇತ್ತು, ಅದು..." ಅವನು ಚೀಲವನ್ನು ಅಲ್ಲಾಡಿಸಿದ. ಒಳಗೆ ಭಾರವಾದದ್ದೇನೋ ಸದ್ದು ಮಾಡಿತು. "ಮೆಸೆಂಜರ್ ಕೊಡುವಾಗ ಚೀಲ ಸಮೇತ ಕೊಟ್ಟುಬಿಟ್ಟ. ನಾನು ಮನೆಗೆ ಬಂದ ಮೇಲೆ ನೋಡಿದೆ. ಪರವಾಗಿಲ್ಲ, ಅವನ ಹತ್ರ ಕಂಪಾಸ್ ಇದೆ, ಕಾಗದದ ಮ್ಯಾಪ್ ಇದೆ."

ಗಾರ್ಗಿ ಎರಡು ಫೋಟೋಗಳನ್ನು ಅವನ ಮುಂದೆ ಹಿಡಿದಳು. ಮೊದಲು ಒಂದು. ಆಮೇಲೆ ಇನ್ನೊಂದು. ಬೆರಳಿಂದ ಮುಳ್ಳನ್ನು ತೋರಿಸಿದಳು.

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲೇ ಕಂಡಿತು. ಬಣ್ಣ ಇಳಿದುಹೋಯಿತು. ಇಂಥದ್ದನ್ನು ನಟಿಸಲು ಬರುವುದಿಲ್ಲ ಎಂದು ಗಾರ್ಗಿಗೆ ಗೊತ್ತಿತ್ತು.

"ಅಯ್ಯೋ. ಅಲ್ಲಿ ಎರಡು ದಿನದಿಂದ ಮಂಜು. ಸೂರ್ಯ ಕಾಣಲ್ಲ. ಕಂಪಾಸ್ ಏನು ಹೇಳುತ್ತೋ ಅದೇ."

"ಉತ್ತರಕ್ಕೆ ನಡೆದ್ರೆ ಏನು ಸಿಗುತ್ತೆ?"

"ಜೌಗು. ಅದರಾಚೆ ಒಂದು ಕೊಳ. ಕೊಳದ ತನಕ ಉತ್ತರದ ಕಡೆಯಿಂದ ಮರ ಸಾಗಿಸೋ ಹಳೇ ಮಣ್ಣು ರಸ್ತೆ ಇದೆ, ಆದ್ರೆ ಅವನಿಗೆ ಅದು ಕಾಣಬೇಕಲ್ಲ. ಕತ್ತಲಾದ್ರೆ... ಗಾರ್ಗಿ ಅವರೇ, ಒದ್ದೆ ಬಟ್ಟೇಲಿ ಇನ್ನೊಂದು ರಾತ್ರಿ ಅವನು ತಡೆಯಲ್ಲ."

ಹುಡುಕಬೇಕಾದ ಜಾಗ ಸಿಕ್ಕಿತ್ತು. ಅವನು ಹೋಗಬೇಕಿದ್ದ ದಾರಿಗೆ ಸರಿಯಾಗಿ ಎದುರು. ಭಯದ ನಡುವೆಯೂ ಗಾರ್ಗಿಗೆ ಒಂದು ಬಗೆಯ ಹುರುಪು ಬಂತು. ಟೆಂಟ್ ಹಾಕಿದ ಜಾಗವನ್ನು ಮುಕುಂದನ ಫೋನಿನ ನಕ್ಷೆಯಲ್ಲಿ ನೋಡಿಕೊಂಡು ಬಾಗಿಲ ಕಡೆ ತಿರುಗಿದಳು. ನಂದಿತಾ ಗಾಜಿನ ಹಿಂದೆಯೇ ನಿಂತಿದ್ದಳು.

"ರೇಂಜರಿಗೆ ಫೋನ್ ಮಾಡಿ! ಬರ್ಕೊಳ್ಳಿ." ಗಾರ್ಗಿ ಅಂಕಿಗಳನ್ನು ಓದಿದಳು. "ಇಲ್ಲಿಂದ ಉತ್ತರಕ್ಕೆ ಹುಡುಕಬೇಕು ಅಂತ ಹೇಳಿ. ಕೊಳದ ಹತ್ರ. ಮಣ್ಣು ರಸ್ತೆ ಕಡೆಯಿಂದ ಹೋದ್ರೆ ಬೇಗ."

ನಂದಿತಾ ಲಕೋಟೆಯೊಂದರ ಬೆನ್ನಿಗೆ ಎಲ್ಲವನ್ನೂ ಬರೆದುಕೊಂಡಳು. ಒಮ್ಮೆ ತಿರುಗಿ ಓದಿ ಸರಿಯೇ ಎಂದು ಕೇಳಿದಳು. ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ಫೋನನ್ನು ಕಿವಿಗಿಟ್ಟುಕೊಂಡು ಒಳಗೆ ಹೋದಳು.

ಮುಕುಂದ್ ಗಾರ್ಗಿಯ ತೋಳು ಹಿಡಿದ. "ಅವಳಿಗೆ ಯಾಕೆ..."

ಅವನು ಮಾತು ಮುಗಿಸುವ ಮೊದಲೇ ಪದ್ಮಜಾ ಹೊರಗೆ ಬಂದರು. ಕೈಯಲ್ಲಿ ಒಂದು ಮೊಳದುದ್ದದ ಕಪ್ಪು ಪಟ್ಟಿ. ಅದರ ಒಂದು ತುದಿಯಲ್ಲಿ ಒಣಗಿದ ಕುಂಕುಮದ ಬೊಟ್ಟು.

"ಕಂಪಾಸ್ ಕಂಪಾಸ್ ಅಂತ ಕೇಳ್ತಿದ್ಯಲ್ಲಮ್ಮ. ಯಾರೂ ಮುಟ್ಟಿಲ್ಲ ಅಂದೆ. ಆಮೇಲೆ ನೆನಪಾಯ್ತು, ಅದರ ಪಕ್ಕ ಇದನ್ನ ಇಟ್ಟಿದ್ದೆ. ಅದ್ರಿಂದ ಏನಾದ್ರೂ ತೊಂದ್ರೆಯಾ?"

ಅಡುಗೆಮನೆಯ ಗೋಡೆಯಲ್ಲಿ ಚಾಕುಗಳನ್ನು ಕಚ್ಚಿ ಹಿಡಿಯುವ ಪಟ್ಟಿ. ಪೂರ್ತಿ ಆಯಸ್ಕಾಂತ.

"ಯಾವಾಗ ಇಟ್ರಿ, ಆಂಟಿ?"

"ಬುಧವಾರವೇ. ಎಲ್ಲರೂ ಊಟ ಮಾಡ್ಕೊಂಡು ಹೋದ ಮೇಲೆ ಅಡುಗೆಮನೆ ಒರೆಸ್ತಿದ್ದೆ. ಚಾಕುಗಳಿಗೆಲ್ಲ ಪೂಜೆ ಆಯ್ತು, ವರ್ಷವೆಲ್ಲ ಅವನ್ನ ಹಿಡ್ಕೊಂಡಿರೋದಕ್ಕೆ ಒಂದು ಬೊಟ್ಟೂ ಇಡಲಿಲ್ವಲ್ಲ ಅನ್ನಿಸ್ತು. ಕಳಚಿ ತಂದು ತಟ್ಟೇಲಿಟ್ಟೆ. ಬೆಳಗ್ಗೆ ಪೂಜೆ ಆದ ತಕ್ಷಣ ತೆಗೆದೆ, ಹಬ್ಬದ ಅಡುಗೆಗೆ ಚಾಕು ಬೇಕಿತ್ತಲ್ಲ. ಫೋಟೋ ತೆಗೆದದ್ದು ಆಮೇಲೆ."

ಮುಕುಂದ್ ಆ ಕಪ್ಪು ಪಟ್ಟಿಯನ್ನೇ ನೋಡುತ್ತ ಕುರ್ಚಿಯ ಮೇಲೆ ಕುಸಿದ.

ಈ ಹೆಂಗಸಿಗೆ ಏನು ಹೇಳುವುದು? ನಿಮ್ಮ ಮಗ ಈ ಕ್ಷಣ ದಾರಿ ತಪ್ಪಿ ಜೌಗಿನ ಕಡೆ ನಡೆಯುತ್ತಿದ್ದಾನೆ, ಅವನಿಗೆ ಆ ದಾರಿ ತೋರಿಸಿದ್ದು ನೀವಿಟ್ಟ ಕುಂಕುಮ ಎಂದೇ? ಗಾರ್ಗಿ ಪಟ್ಟಿಯನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಏನೂ ತೊಂದ್ರೆ ಇಲ್ಲ, ಆಂಟಿ. ಇದರಿಂದಲೇ ಅವರೆಲ್ಲಿದಾರೆ ಅಂತ ಗೊತ್ತಾಯ್ತು."

ಅದೂ ಸುಳ್ಳಲ್ಲ. ಯಾರೂ ಮುಳ್ಳನ್ನು ಬೇಕೆಂದು ತಿರುಗಿಸಿರಲಿಲ್ಲ. ಅವಳು ಹುಡುಕುತ್ತಿದ್ದ ಕೈ ಒಬ್ಬ ತಾಯಿಯದು, ಹೂವು ಏರಿಸಿದ ಕೈ.

"ಗಾರ್ಗಿ ಅವರೇ," ಮುಕುಂದ್ ಕುರ್ಚಿಯಿಂದ ಏಳದೆಯೇ ಕರೆದ. "ಹಾಗಾದ್ರೆ ಅವನು ಹೆದರಿ ಓಡಿದ್ದು ಯಾರಿಗೆ ಅಂತ ನೀವು ಕೇಳಲೇ ಇಲ್ಲ."

"ಕಂಪನಿಯವರಿಗೆ."

"ಈ ಮೆಸೆಂಜರಿನ ಪಾಸ್‌ವರ್ಡ್ ಕಂಪನೀಲಿ ಯಾರಿಗೆ ಗೊತ್ತಿರುತ್ತೆ? ಆ ವರದಿಗಳು ಗುಣಮಟ್ಟ ವಿಭಾಗದಲ್ಲಿ ಸಹಿ ಆಗದೆ ಹೊರಗೆ ಹೋಗಲ್ಲ. ಗುರುವಾರ ರಾತ್ರಿ ವಸಿಷ್ಠ ಫೋನ್ ಮಾಡಿ ಯಾರ ಸಹಿ ಅಂತ ಹೇಳಲಿಲ್ಲ. ಅಳ್ತಿದ್ದ. ನಂದಿತಾಗೆ ಹೇಳಬೇಡ ಅಂದ. ಅಷ್ಟೇ ಅಂದ."

ಬೀಕನ್ ವಾಪಸ್ ಕೊಟ್ಟದ್ದು ವಸಿಷ್ಠನ ಕಡೆಯವರು.

ವಸಿಷ್ಠ ಎಲ್ಲಿದಾನೆ ಅನ್ನೋದನ್ನ ಮಾತ್ರ ಕೇಳಿ, ಅಂದಿದ್ದಳು ನಂದಿತಾ.

ಗಾರ್ಗಿ ರೇಂಜರುಗಳ ನಂಬರನ್ನು ತಾನೇ ಒತ್ತಿದಳು. ನಿನ್ನೆಯಿಂದ ಇವತ್ತಿನವರೆಗೆ ಅವಳು ಈ ನಂಬರಿಗೆ ಒಮ್ಮೆಯೂ ಫೋನ್ ಮಾಡಿರಲಿಲ್ಲ. ಹೆಂಡತಿಯೇ ಮಾಡುತ್ತಿದ್ದಾಳಲ್ಲ ಎಂದುಕೊಂಡಿದ್ದಳು. ಇಂಥ ತಪ್ಪಿಗೆ ಇನ್ಶೂರೆನ್ಸ್ ಕಂಪನಿಯಲ್ಲಿ ಹೊಸ ಹುಡುಗರನ್ನು ಅವಳೇ ಬೈದಿದ್ದಳು.

ಆ ಕಡೆಯ ಹೆಂಗಸಿನ ಧ್ವನಿ ನಿಧಾನವಾಗಿ ದಾಖಲೆ ಓದಿತು. ಈ ಹೆಸರಿನಲ್ಲಿ ಒಂದೇ ಕರೆ ಬಂದಿದೆ. ನಿನ್ನೆ ಸಂಜೆ, ಪತ್ನಿಯಿಂದ. ಗಂಡ ಸುರಕ್ಷಿತವಾಗಿದ್ದಾನೆ, ಒಂದು ದಿನ ಹೆಚ್ಚು ಉಳಿಯುತ್ತಾನೆ, ತಾಯಿ ಗಾಬರಿಯಿಂದ ಫೋನ್ ಮಾಡಿದರೂ ಹುಡುಕುವ ಅಗತ್ಯವಿಲ್ಲ ಎಂದಿದ್ದಾರೆ.

"ಇವತ್ತು? ಈಗ ಐದು ನಿಮಿಷದ ಹಿಂದೆ?"

ಇವತ್ತು ಮೊದಲ ಕರೆ ನಿಮ್ಮದೇ, ಎಂದಿತು ಧ್ವನಿ.

ಗಾರ್ಗಿ ಅಂಕಿಗಳನ್ನು ಕೊಟ್ಟಳು. ಕೊಳ ಎಂದಳು, ಜೌಗು ಎಂದಳು, ದಯವಿಟ್ಟು ಎಂದಳು. ಮಳೆಗೆ ಹಳ್ಳ ಉಕ್ಕಿದೆ, ದಕ್ಷಿಣದಲ್ಲಿರುವ ನಮ್ಮ ಜೀಪುಗಳು ಮಣ್ಣು ರಸ್ತೆಯ ಕಡೆಗೆ ದಾಟಲಾಗದು, ತಂಡವೊಂದು ಕಾಲ್ನಡಿಗೆಯಲ್ಲಿ ದಕ್ಷಿಣದ ಕಡೆಯಿಂದ ಹೊರಡಬೇಕು, ನಾಲ್ಕು ಗಂಟೆ ಹಿಡಿಯಬಹುದು ಎಂಬ ಉತ್ತರ ಬಂತು.

ಮಣ್ಣು ರಸ್ತೆಯ ಕಡೆಯಿಂದಾದರೆ ಬೇಗ ಎಂದು ನಂದಿತಾಗೆ ಅವಳೇ ಕೂಗಿ ಹೇಳಿದ್ದಳು. ಬರೆಸಿಯೂ ಇದ್ದಳು.

ಮನೆಯೊಳಗೆ ಓಡಿದಳು. ಹಾಲಿನಲ್ಲಿ ಯಾರೂ ಇಲ್ಲ. ಮುಂಬಾಗಿಲು ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಆಚೆ ಬಂದಳು. ಮನೆ ಮುಂದಿನ ಡ್ರೈವ್‌ವೇಯಲ್ಲಿ ನಂದಿತಾಳ ಕಾರು ನಿಂತಿದ್ದ ಜಾಗದಲ್ಲಿ ಮಾತ್ರ ನೆಲ ಇನ್ನೂ ಒಣಗಿತ್ತು. ಅದರ ಮೇಲೂ ಹನಿಗಳು ಬೀಳತೊಡಗಿದ್ದವು.

"ನಂದಿತಾ ಹೊರಟುಹೋದ್ಲಾ?" ಪದ್ಮಜಾ ಹಿಂದೆಯೇ ಬಂದರು. ಅವರ ಧ್ವನಿಯಲ್ಲಿ ನಿನ್ನೆಯಿಂದ ಮೊದಲ ಸಲ ಸ್ವಲ್ಪ ಜೀವ ಬಂದಿತ್ತು. "ನಾನೇ ಕರ್ಕೊಂಡು ಬರ್ತೀನಿ ಅತ್ತೆ ಅಂದ್ಲು. ಗ್ಯಾರೇಜಿನ ಕಬ್ಬಿಣದ ಬೀರು ತೆಗೆದು ವಸಿಷ್ಠನ ಆ ಉದ್ದನೇ ಹಸಿರು ಚೀಲ ತಗೊಂಡ್ಲು. ಮಳೆ ಕೋಟಿರಬೇಕು, ಪಾಪ."

ಮುಕುಂದ್ ಬಾಗಿಲಲ್ಲಿ ನಿಂತು ಗಾರ್ಗಿಯನ್ನು ನೋಡಿದ. ಹಸಿರು ಚೀಲದಲ್ಲಿ ಏನಿರುತ್ತದೆ ಎಂದು ಅವನು ಹೇಳಬೇಕಾಗಿರಲಿಲ್ಲ. ಬಿಲ್ಲು ಬಾಣದ ಬೇಟೆಗೆ ಮಾತ್ರ ಅನುಮತಿಯಿರುವ ತಿಂಗಳಾದ್ದರಿಂದ ವಸಿಷ್ಠ ಬಂದೂಕನ್ನು ಮನೆಯಲ್ಲೇ ಬಿಟ್ಟುಹೋಗಿದ್ದ.

ಮಳೆಯಲ್ಲಿ ನಿಂತಿದ್ದ ಗಾರ್ಗಿಯ ಕೈಯಲ್ಲಿ ಏನೋ ಅದುರಿತು. ಕಿತ್ತಳೆ ಯಂತ್ರ. ಕಾಡಿನಲ್ಲಿರುವ ವಸಿಷ್ಠನ ಬಳಿ ಇರಬೇಕಾಗಿದ್ದ ಒಂದೇ ಬಾಯಿ, ಈಗ ಇಲ್ಲಿ, ತೆರೆದ ಆಕಾಶದ ಕೆಳಗೆ. ಸಣ್ಣ ಪರದೆಯ ಮೇಲೆ ನಂದಿತಾಳ ಮೆಸೇಜು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ, ಒಂದೊಂದೇ ಸಾಲಾಗಿ ಮೂಡಿತು.

ಥ್ಯಾಂಕ್ಸ್ ಗಾರ್ಗಿ. ನಿಮ್ಮ ಕೆಲಸ ಮುಗೀತು. ಸಂಜೆ ಅತ್ತೆಗೆ ಎಲ್ಲಾ ಸರಿ ಅಂತ ನಾನೇ ಕಳಿಸ್ತೀನಿ.